ಜಲ್ಲಿಕಲ್ಲು ತೊಳೆದವಳು

ಹಿತ್ತಲ ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಅಕ್ಕ ಪಂಪಿಗೆ ಕೊಳೆ ಸೋಸಲು ಸಿಕ್ಕಿಸುವ ಸ್ಪಂಜು ಹಿಂಡುತ್ತಿದ್ದಳು. ಮೀನಿನ ತೊಟ್ಟಿಯಿಂದಲೇ ಮೊಗೆದ ಅರ್ಧ ಬಕೆಟ್ಟು ನೀರು. ಅದರಲ್ಲಿ ಮೂರು ಸಲ ಅದ್ದಬೇಕು, ಮೂರು ಸಲ ಹಿಂಡಬೇಕು, ಅಷ್ಟೇ. ಸೋಪು ಕೂಡದು, ನಲ್ಲಿ ನೀರೂ ಕೂಡದು. ಹಿಂಡಿದಷ್ಟೂ ಕಂದು ಕೊಳೆ ಬರುತ್ತಲೇ ಇರುತ್ತದೆ, ನಾಲ್ಕನೆಯ ಸಲಕ್ಕೆ ಕೈ ತಾನಾಗಿ ಹೋಗುತ್ತದೆ. ಆಸ್ಪತ್ರೆಯ ವಾರ್ಡುಗಳಲ್ಲಿ ಇಪ್ಪತ್ತೊಂಬತ್ತು ವರ್ಷ ನೆಲ ಒರೆಸಿದ ಕೈ ಅದು. ಕೊಳೆ ಕಂಡೂ ಬಿಟ್ಟು ಏಳುವುದನ್ನು ಈ ವಯಸ್ಸಿನಲ್ಲಿ ಕಲಿಯಬೇಕಾಗಿತ್ತು.

ನೆಲದಲ್ಲಿ ಅರ್ಧ ಹೂತ ತೊಟ್ಟಿಯಲ್ಲಿ ಮೀನು. ಅದರ ಮೇಲೆ, ಉದ್ದಕ್ಕೆ ಸೀಳಿದ ನೀಲಿ ಡ್ರಮ್ಮುಗಳಲ್ಲಿ ಜಲ್ಲಿಕಲ್ಲು. ಕಲ್ಲಿನ ನಡುವೆ ಬೇರಿಳಿಸಿದ ಪುದೀನ, ಪಾಲಕ್, ಟೊಮ್ಯಾಟೊ. ಮಣ್ಣು ಒಂದು ಹಿಡಿಯೂ ಇಲ್ಲ. ಪಂಪು ಮೀನಿನ ಹೊಲಸು ನೀರನ್ನು ಮೇಲೆತ್ತುತ್ತದೆ. ಕಲ್ಲಿಗೆ ಅಂಟಿದ ಲೋಳೆ ಆ ಹೊಲಸನ್ನು ಗಿಡದ ಊಟ ಮಾಡುತ್ತದೆ. ಗಿಡ ಉಂಡು ಬಿಟ್ಟ ನೀರು ತಿಳಿಯಾಗಿ ಮೀನಿಗೆ ಇಳಿಯುತ್ತದೆ. "ಅತ್ತೆ-ಸೊಸೆ ಜಗಳ ಇಲ್ಲದ ಸಂಸಾರ ಅಂದ್ರೆ ಇದೊಂದೇ," ಎಂದು ನೋಡಲು ಬಂದವರಿಗೆಲ್ಲ ತಮ್ಮ ಹೇಳುತ್ತಿದ್ದ. ಅವನು ನಲ್ಲಿ-ಪೈಪಿನ ಕೆಲಸದವನು. ಮದುವೆಯಾಗದೆ ಅಕ್ಕನ ಜೊತೆಯಲ್ಲೇ ಉಳಿದವನು.

ಇದು ಎರಡನೆಯ ತೊಟ್ಟಿ. ಮೊದಲನೆಯದನ್ನು ತಮ್ಮ ಒಬ್ಬನೇ ಕಟ್ಟಿರಲಿಲ್ಲ. ಮೂವತ್ತು ವರ್ಷಗಳಿಂದ ಅವನ ಗೆಳೆಯನಾದ ವೈರಿಂಗಿನವನು ಜೊತೆಗಿದ್ದ. ಬೀದಿಯವರು ಅವನನ್ನು ಕರೆಯುತ್ತಿದ್ದದ್ದೇ 'ಕರೆಂಟು' ಎಂದು. ಯಾರೋ ಎಸೆದ ಪಂಪನ್ನು ತಂದು, ಬಿಚ್ಚಿ, ತಾನೇ ತಾಮ್ರದ ತಂತಿಯ ಸುರುಳಿ ಸುತ್ತಿ, ಅದಕ್ಕೆ ಜೀವ ಕೊಟ್ಟವನು ಅವನು. ನಾಲ್ಕು ತಿಂಗಳು ಭಾನುವಾರವೆಂದರೆ ಹಿತ್ತಲಲ್ಲಿ ಇಬ್ಬರ ಜಗಳ, ನಗು.

"ಅಕ್ಕಾ, ನಿನ್ನ ತಮ್ಮನಿಗೆ ನೀರು ಮೇಲಿಂದ ಕೆಳಗೆ ಬರುತ್ತೆ ಅನ್ನೋದು ಮಾತ್ರ ಗೊತ್ತು. ಕೆಳಗಿಂದ ಮೇಲೆ ಹತ್ತಿಸೋಕೆ ನಾನೇ ಬೇಕು," ಎನ್ನುತ್ತಿದ್ದ ಕರೆಂಟು.

ಎರಡು ವರ್ಷದ ಹಿಂದೆ ತಮ್ಮ ಹತ್ತು ದಿನ ಪರವೂರಿನ ಕೆಲಸಕ್ಕೆ ಹೋದ. "ಮೇವು ಹಾಕು, ಬೇರೆ ಏನೂ ಮುಟ್ಟಬೇಡ," ಎಂದಿದ್ದ. ಮೂರನೆಯ ದಿನ ಪಕ್ಕದ ಮನೆಯ ಟೀಚರಮ್ಮ ಬೇಲಿಯ ಮೇಲಿಂದ ಇಣುಕಿ, "ಅಕ್ಕಾ, ನಿಮ್ಮಂಥ ಶುದ್ಧದವರ ಮನೇಲಿ ಚರಂಡಿ ವಾಸನೆ ಬರ್ತಿದೆಯಲ್ಲ!" ಎಂದಳು. ಆ ಒಂದು ಮಾತು ಅಕ್ಕನಿಗೆ ಚೇಳು ಕುಟುಕಿದಂತಾಯಿತು. ಡಾಕ್ಟರುಗಳೇ "ಈ ವಾರ್ಡಿನ ನೆಲದ ಮೇಲೆ ಊಟ ಬಡಿಸಬಹುದು" ಎಂದು ಹೊಗಳಿದ್ದ ಹೆಂಗಸು ಅವಳು. ಮರುದಿನ ಪಂಪು ಆರಿಸಿ, ಗಿಡಗಳನ್ನು ಬಕೆಟ್ಟಿಗಿಟ್ಟು, ಜಲ್ಲಿಯನ್ನೆಲ್ಲ ಬಾಚಿ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿದಳು. ಎಂಟು ನೀರಲ್ಲಿ ಜಾಲಿಸಿ, ಬಿಸಿಲಿಗೆ ಹರವಿದಳು. ಒಂದೊಂದು ಕಲ್ಲೂ ಮೊಟ್ಟೆಯಂತೆ ಬೆಳ್ಳಗಾಯಿತು. ಮತ್ತೆ ಜೋಡಿಸಿ ಪಂಪು ಹಾಕಿ, ಟೀಚರಮ್ಮನನ್ನು ಕರೆದು ತೋರಿಸಿದಳು ಕೂಡ.

ಕಲ್ಲು ತೊಳೆದ ನಾಲ್ಕನೆಯ ದಿನಕ್ಕೆ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ಐದನೆಯ ದಿನ ಬೆಳಿಗ್ಗೆ ಅರವತ್ತು ಮೀನೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಪಂಪು ಮಾತ್ರ ತಿರುಗುತ್ತಲೇ ಇತ್ತು. ಸತ್ತ ಮೀನುಗಳು ಆ ಸೆಳೆತಕ್ಕೆ ನಿಧಾನವಾಗಿ ಸುತ್ತು ಹಾಕುತ್ತಿದ್ದವು. ನೋಡಲಾರದೆ ಅವಳು ಸ್ವಿಚ್ಚು ಆರಿಸಿಬಿಟ್ಟಳು.

ಸುದ್ದಿ ಕೇಳಿ ತಮ್ಮ ಓಡಿಬಂದ. ತೊಟ್ಟಿಯ ಮುಂದೆ ನಿಂತು, ಮೇಲಿನ ಕಲ್ಲಿನತ್ತ ಕಣ್ಣೂ ಹಾಯಿಸದೆ ಕೇಳಿದ್ದು ಒಂದೇ ಮಾತು: "ಪಂಪು ನಿಂತಿತ್ತಾ?"

"ನಿಂತಿತ್ತು," ಎಂದಳು ಅಕ್ಕ.

ಅಷ್ಟೇ. ಮೂರಕ್ಷರದ ಮೇಲೆ ನಾಲ್ಕನೆಯದನ್ನು ಅವಳು ಸೇರಿಸಲಿಲ್ಲ. ಉಳಿದದ್ದನ್ನೆಲ್ಲ ತಮ್ಮನ ಬಾಯಿಯೇ ಆಡಿತು. ಅದೇ ಸಂಜೆ ಕರೆಂಟು ಬಂದಾಗ, "ಗುಜರಿ ಪಂಪು, ಗುಜರಿ ಕೆಲಸ! ನಿನ್ನ ಕೈ ನಂಬಿ ಅರವತ್ತು ಜೀವ ಹೋಯ್ತಲ್ಲೋ!" ಎಂದ. ಕರೆಂಟು ಪಂಪು ಹಾಕಿ ನೋಡಿದ. ಅದು ಗಿರ್ರೆಂದು ತಿರುಗಿತು. "ಈಗ ತಿರುಗುತ್ತೆ, ಬೇಕಾದಾಗ ನಿಲ್ಲುತ್ತೆ. ಇದಕ್ಕಿಂತ ಪೂರ್ತಿ ಕೆಟ್ಟಿದ್ರೇ ವಾಸಿ," ಎಂದ ತಮ್ಮ. ಕರೆಂಟು ಪಂಪನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಅಕ್ಕ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವನು ಹೋಗುವಾಗ, "ಬರ್ತೀನಿ ಅಕ್ಕಾ. ನೋಡ್ತೀನಿ, ನಂದೇ ತಪ್ಪಿರಬೇಕು," ಎಂದ.

ಆ ಪಂಪನ್ನು ಅವನು ನಾಲ್ಕು ಸಲ ಬಿಚ್ಚಿದನಂತೆ. ತಪ್ಪು ಸಿಕ್ಕಿದ್ದರೆ ಸರಿಮಾಡಬಹುದಿತ್ತು. ಇಲ್ಲದ ತಪ್ಪನ್ನು ಎಲ್ಲಿಂದ ಹುಡುಕುವುದು? ಆಮೇಲೆ ಬೇರೆಯವರ ಮನೆಯ ಕೆಲಸಕ್ಕೂ ಕೈ ಹಿಂಜರಿಯಿತು. ಹಾಕಿದ ಫ್ಯಾನನ್ನು ನೋಡಲು ಮತ್ತೆ ಮತ್ತೆ ಹೋಗುತ್ತಿದ್ದ. ಕೊನೆಗೆ ಕೆಲಸ ಬಿಟ್ಟು ದೂರದ ಊರಿನ ಮಗಳ ಮನೆ ಸೇರಿದ.

ತಮ್ಮ ಎರಡನೆಯ ತೊಟ್ಟಿ ಕಟ್ಟುವಾಗ ಯಾರನ್ನೋ ಕೇಳಿ ಬಂದು ಹೇಳಿದ: "ಆ ಲೋಳೇಲೇ ಜೀವ ಇರೋದು ಅಕ್ಕ. ಅದು ಹುಟ್ಟೋಕೆ ಐದಾರು ವಾರ ಬೇಕು. ಅದನ್ನ ತೊಳೆದ್ರೆ ಮೀನು ತನ್ನ ಹೊಲಸಲ್ಲೇ ವಿಷ ಕುಡಿದು ಸಾಯುತ್ತೆ." ಅವನು ಯಾರನ್ನೂ ಚುಚ್ಚಲೆಂದು ಹೇಳಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅಕ್ಕ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅಲ್ಲಿಯವರೆಗೆ ಅನುಮಾನವಿತ್ತು. ಅಂದಿನಿಂದ ಅದೂ ಇಲ್ಲ.

ಮೂರು ಸಲ ಕರೆಂಟಿಗೆ ಫೋನು ಮಾಡಿದಳು. ಮೂರು ಸಲವೂ ಅವನು "ಅಕ್ಕಾ!" ಎಂದು ಅಷ್ಟು ಸಂತೋಷಪಟ್ಟ ಮೇಲೆ ಅವನ ಮಂಡಿನೋವು ವಿಚಾರಿಸಿ ಇಟ್ಟಳು. ಬರೆಯೋಣವೆಂದು ಕೂತಳು. ಆರು ಕಾಗದ ಬರೆದಳು. ಆರರಲ್ಲೂ ಕ್ಷೇಮ ಸಮಾಚಾರ, ಹವಾಮಾನ, ಟೊಮ್ಯಾಟೊ ಎಲ್ಲ ಇತ್ತು, ವಿಷಯ ಒಂದನ್ನು ಬಿಟ್ಟು.

ಸ್ಪಂಜನ್ನು ಪಂಪಿಗೆ ಸಿಕ್ಕಿಸುವಷ್ಟರಲ್ಲಿ ತಮ್ಮ ಬಂದ. ಕರೆಂಟು ಕಳಿಸಿದ ಒಂದು ಗೋಣಿಗಂಟನ್ನು ಪಾರ್ಸೆಲ್ ಆಫೀಸಿನಿಂದ ತಂದಿದ್ದ. ಕಟ್ಟೆಯ ಮೇಲಿಟ್ಟು ಬಿಚ್ಚಿದ. ಒಳಗೆ ಟೆಸ್ಟರು, ಇಕ್ಕಳ, ಸ್ಕ್ರೂಡ್ರೈವರುಗಳು, ಸುತ್ತಿಟ್ಟ ತಾಮ್ರದ ತಂತಿ. ಜೊತೆಗೊಂದು ಚೀಟಿ.

"ಏನ್ ಬರ್ದಿದಾನೆ?" ಅಕ್ಕ ಕೇಳಿದಳು.

ತಮ್ಮ ಓದಿದ: "'ನಿನಗೆ ಬೇಕಾದೀತು, ಇಟ್ಟುಕೋ. ಇನ್ನು ಇವನ್ನು ಹಿಡಿಯೋ ಧೈರ್ಯ ನನಗಿಲ್ಲ.' ...ನೋಡು, ನಾನು ಅಷ್ಟು ಬೈದ್ರೂ ನನಗೇ ಕಳಿಸಿದಾನೆ, ಪೆದ್ದ."

ಇಕ್ಕಳದ ಹಿಡಿಗೆ ಸುತ್ತಿದ ಹಳೆಯ ಟೇಪು ಆ ಗೆಳೆಯನ ಬೆರಳಿನ ಅಳತೆಗೆ ತಗ್ಗಿಹೋಗಿತ್ತು. ಅಕ್ಕನಿಗೆ ನಿಂತ ನೆಲವೇ ಬಾಯಿ ಬಿಡಬಾರದೇ ಅನ್ನಿಸಿತು. ನೆಲ ಬಾಯಿ ಬಿಡಲಿಲ್ಲ, ಅವಳೇ ಬಿಡಬೇಕಾಯಿತು.

"ಪಂಪು ನಿಂತಿರ್ಲಿಲ್ಲ ಕಣೋ."

"ಯಾವ ಪಂಪು?"

"ಅವನ ಪಂಪು. ನಾನು ಆರಿಸಿದ್ದು. ಮೀನು ಸತ್ತ ಮೇಲೆ. ಅದಕ್ಕೂ ಮುಂಚೆ ಕಲ್ಲೆಲ್ಲಾ ಬ್ಲೀಚಿಂಗಲ್ಲಿ ತೊಳ್ದಿದ್ದೆ."

ತಮ್ಮ ಇಕ್ಕಳವನ್ನು ಮೆಲ್ಲಗೆ ಗೋಣಿಯ ಮೇಲಿಟ್ಟ. ಬೈಯುತ್ತಾನೆ ಎಂದುಕೊಂಡಳು, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಇಕ್ಕಳದ ಟೇಪಿನ ಮೇಲೆ ಬೆರಳಾಡಿಸಿದ.

"ಎರಡು ವರ್ಷ ಅಕ್ಕ."

"ಹೂಂ."

"ಅವನ ಕೈಗೆ ನಾನು ಏನೇನಂದೆ... ನೀನು ಅಲ್ಲೇ ನಿಂತಿದ್ದೆ."

"ಬಾಗಿಲ ಹಿಂದೆ ಇದ್ದೆ."

"ಯಾಕೆ?"

"ಕೊಳೆ ತೆಗೆಯೋಳು ಅಂತ ಒಂದೇ ಒಂದು ಹೆಸರಿತ್ತು ನಂಗೆ," ಎಂದಳು. ಹೇಳಿದ ಮೇಲೆ ಅದೂ ನೆಪದಂತೆ ಕೇಳಿಸಿತು. "ಹೆದರಿದೆ. ಅಷ್ಟೇ."

ತಮ್ಮ ಮುಖ ತಿರುಗಿಸಿ ಜೇಬಿನಿಂದ ಫೋನು ತೆಗೆದ. ಅಕ್ಕ ಅವನ ಮಣಿಕಟ್ಟು ಹಿಡಿದಳು. "ಬೇಡ. ಫೋನಲ್ಲಿ ಅವನು 'ಹೋಗ್ಲಿ ಬಿಡು ಅಕ್ಕಾ' ಅಂತಾನೆ, ನಾನು ಬಿಟ್ಟುಬಿಡ್ತೀನಿ. ಬರೀತೀನಿ."

"ಹಂಗಾದ್ರೆ ಈ ಸಾಮಾನನ್ನೂ ವಾಪಸ್ ಕಳಿಸೋಣ, ಜೊತೆಗೆ."

"ಆಮೇಲೆ ಕಳಿಸು. ಜೊತೇಲಿ ಹೋದ್ರೆ ನನ್ನ ಮಾತು ಅದರ ಹಿಂದೆ ಅಡಗಿಕೊಳ್ಳುತ್ತೆ."

"ನಂದೂ ಒಂದೆರಡು ಸಾಲು ಸೇರಿಸು ಮತ್ತೆ."

"ನಿಂದು ನೀನು ಬೇರೆ ಬರಿ. ಇದು ನಂದು."

ಅಡುಗೆಮನೆಯ ಮೇಜಿನ ಮೇಲೆ ಬರೆದಳು. ಕ್ಷೇಮವೆಂದು ಶುರುಮಾಡಲಿಲ್ಲ. ಪಂಪು ನಿಂತಿರಲಿಲ್ಲ, ನಾನೇ ಆರಿಸಿದ್ದು. ಕಲ್ಲು ತೊಳೆದದ್ದು ನಾನು. ಮೀನು ಸತ್ತದ್ದು ಅದರಿಂದ. ನಿನ್ನ ಕೆಲಸದಲ್ಲಿ ಏನೂ ತಪ್ಪಿರಲಿಲ್ಲ, ಹುಡುಕಬೇಡ. ನನಗೆ ಇದು ಖಚಿತವಾಗಿ ಒಂದೂವರೆ ವರ್ಷದಿಂದ ಗೊತ್ತು. 'ಕ್ಷಮಿಸು' ಎಂದು ಬರೆಯಲು ಹೊರಟು ಪೆನ್ನು ಎತ್ತಿದಳು. ಇಷ್ಟಾದ ಮೇಲೆ ಕ್ಷಮಿಸುವ ಕೆಲಸವನ್ನೂ ಅವನಿಗೇ ಹಚ್ಚುವುದೇ? ಸಹಿ ಹಾಕಿ ಮಡಿಚಿದಳು.

ಅಂಚೆ ಕಚೇರಿಯ ಡಬ್ಬಿಯ ಮುಂದೆ ಲಕೋಟೆ ಅರ್ಧ ಒಳಗೆ ಹೋಗಿ, ಬೆರಳು ತುದಿಯನ್ನು ಬಿಡಲೊಲ್ಲದೆ ನಿಂತಿತು. ಕಿಟಕಿಯ ಗುಮಾಸ್ತೆ ಇಣುಕಿ, "ಏನಮ್ಮಾ, ಹಾಕ್ತೀರೋ ಇಲ್ಲ ಡಬ್ಬಿಗೆ ಓದಿ ಹೇಳ್ತೀರೋ?" ಎಂದಳು.

"ಒಳಗೆ ಬಿದ್ದ ಮೇಲೆ ಬೇಕಂದ್ರೆ ವಾಪಸ್ ಕೊಡ್ತೀರಾ ತಾಯಿ?"

"ಅದೆಲ್ಲ ಆಗಲ್ಲಮ್ಮಾ. ಬಿತ್ತು ಅಂದ್ರೆ ಬಿತ್ತು."

"ಒಳ್ಳೇದಾಯ್ತು," ಎಂದು ಅಕ್ಕ ಬೆರಳು ಬಿಟ್ಟಳು.