ಕೆಂಪಕ್ಕ ಆರಿಸಿ ತೆಗೆದ ಗುಮಾನಿ ಕಾಳು

‘ಅಕ್ಕಿ ಮೇಲೆ ಗುಮಾನಿ, ನೆಂಟರ ಮೇಲೆ ನಂಬಿಕೆ’ ಎಂಬ ಗಾದೆ ನಿಮಗೆ ಗೊತ್ತೇ ಇದೆ. ಗೊತ್ತಿಲ್ಲವೇ? ಹಾಗಾದರೆ ನೀವು ಸಾಸ್ವೆಹಳ್ಳಿಯ ಕೆಂಪಕ್ಕನ ಮನೆಗೆ ಹೋಗಿಲ್ಲ. ಬೇರೆ ಮನೆಗಳಲ್ಲಿ ಜನ ಅಕ್ಕಿ ಮೇಲೆ ಆಸೆ ಇಟ್ಟುಕೊಂಡು ನೆಂಟರ ಮೇಲೆ ಪ್ರೀತಿ ತೋರಿಸುತ್ತಾರೆ. ಕೆಂಪಕ್ಕನ ಮನೆಯಲ್ಲಿ ಮಾತ್ರ ಗಾದೆ ತಿರುವುಮುರುವು. ಹೇಗೆ ಎಂದು ಹೇಳುತ್ತೇನೆ, ಕೇಳಿ. ನಡೆದ ಕಥೆ ಇದು, ಒಂದು ಕಾಳೂ ಕಲಬೆರಕೆ ಇಲ್ಲ.

ಕೆಂಪಕ್ಕನಿಗೆ ಅನುಮಾನ ಹುಟ್ಟಿನಿಂದಲೇ ಬಂದ ಆಸ್ತಿ. ಹಾಲಿನವನು ಬಂದರೆ ಒಂದು ಹನಿಯನ್ನು ಉಗುರಿನ ಮೇಲೆ ಬಿಟ್ಟು ನೋಡುವಳು. ಗ್ಯಾಸ್ ಸಿಲಿಂಡರ್ ಬಂದರೆ ಅಲ್ಲಾಡಿಸಿ ಕಿವಿ ಕೊಡುವಳು. ಹೊನ್ನಾಳಿ ಬಸ್ಸು ಹತ್ತುವ ಮುಂಚೆ ಬೋರ್ಡು ಓದುವಳು, ಕಂಡಕ್ಟರನ್ನು ಕೇಳುವಳು, ಸಾಲದ್ದಕ್ಕೆ ಪಕ್ಕದ ಸೀಟಿನವರನ್ನೂ "ಹೊನ್ನಾಳಿಗೇ ಹೋಗ್ತೈತೇನ್ರಿ?" ಎಂದು ವಿಚಾರಿಸುವಳು. ಆದರೆ ಫೋನಿನಲ್ಲಿ ಬಂದದ್ದನ್ನು ಮಾತ್ರ ಮರುಮಾತಿಲ್ಲದೆ ನಂಬುವಳು. ಕಳಿಸಿದವನು ಜಗಳೂರಿನ ತವರಿನ ತಮ್ಮ ಮಾರುತೇಶನಾದರಂತೂ ಮುಗಿದೇ ಹೋಯಿತು.

ಆ ಮಾರುತೇಶ ಒಂದು ವಿಡಿಯೊ ಕಳಿಸಿದ. ಅದರಲ್ಲಿ ಯಾರೋ ಅನ್ನವನ್ನು ಉಂಡೆ ಕಟ್ಟಿ ನೆಲಕ್ಕೆ ಎಸೆದ. ಉಂಡೆ ಚೆಂಡಿನಂತೆ ಪುಟಿಯಿತು. "ನೋಡಿ ಸ್ನೇಹಿತರೇ! ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್! ಹತ್ತು ಜನಕ್ಕೆ ಕಳಿಸಿ!" ಎಂದು ಒಂದು ಗಡಸು ದನಿ ಕೂಗಿತು. ಜಗಳೂರಿನಿಂದ ಬಂದದ್ದು ಜಗಳ ತಾರದೆ ಇರುತ್ತದೆಯೇ?

ಕೆಂಪಕ್ಕನ ಗಂಡ ಚಿತ್ತಪ್ಪ ಭದ್ರಾ ನಾಲೆಯ ನೀರಲ್ಲಿ ಭತ್ತ ಬೆಳೆಯುವವರು. ಭತ್ತವೆಲ್ಲ ಮಿಲ್ಲಿಗೆ ಹೋಗುತ್ತಿತ್ತು. ಹಬ್ಬಕ್ಕೆ, ನೆಂಟರಿಗೆ ಎಂದು ನಾಲ್ಕು ಚೀಲ ಅಕ್ಕಿ ಮಾತ್ರ ಮನೆಯಲ್ಲಿ ಉಳಿಯುತ್ತಿತ್ತು. ದಿನದ ಊಟಕ್ಕೆ ರೇಷನ್ ಅಕ್ಕಿಯೇ. ವಿಡಿಯೊ ನೋಡಿದ ಮರುದಿನ ಕೆಂಪಕ್ಕ ಆ ಅಕ್ಕಿಯನ್ನು ಮೊರಕ್ಕೆ ಸುರಿದು ಕನ್ನಡಕ ಏರಿಸಿ ಕೂತಳು. ನೋಡುತ್ತಾಳೆ, ನಡುನಡುವೆ ಕೆಲವು ಕಾಳು ಬೇರೆಯೇ ಥರ! ಸ್ವಲ್ಪ ಹಳದಿ, ಹೊಳಪಿಲ್ಲ, ಎಲ್ಲ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗೆ. ನೀರಿಗೆ ಹಾಕಿದರೆ ಒಂದೆರಡು ತೇಲಿದವು ಬೇರೆ.

"ಸಿಕ್ಕಿಬಿತ್ತು ನೋಡು ಕಳ್ಳ ಕಾಳು!" ಎಂದಳು.

ಅಂದಿನಿಂದ ಮೂರು ತಿಂಗಳು ಅದೇ ಕೆಲಸ. ಅಡುಗೆಗೆ ಇಡುವ ಮುಂಚೆ ಒಂದೊಂದಾಗಿ ಆರಿಸಿ ತೆಗೆಯುವುದು, ಒಂದು ಗಾಜಿನ ಬಾಟಲಿಗೆ ತುಂಬುವುದು. ಬಾಟಲಿ ಅಡುಗೆಮನೆಯ ಗೂಡಿನಲ್ಲಿ ಸಾಕ್ಷಿಯಾಗಿ ನಿಂತಿತು.

ಇತ್ತ ಸೊಸೆ ಚೈತ್ರಶ್ರೀಗೆ ಐದು ತಿಂಗಳು ತುಂಬಿತ್ತು. ನಲ್ಲಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಏದುಸಿರು. ಎದ್ದು ನಿಂತರೆ ತಲೆಸುತ್ತು. ಉಗುರು, ತುಟಿ, ಕಣ್ಣಿನ ಒಳರೆಪ್ಪೆ ಎಲ್ಲ ಬಿಳುಚಿಕೊಂಡಿದ್ದವು. ಆ ಮನೆಯಲ್ಲಿ ಕೆಂಪು ಎಂಬುದು ಅತ್ತೆಯ ಹೆಸರಿನಲ್ಲಿ ಮಾತ್ರ ಉಳಿದಿತ್ತು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರೆ, ಹನ್ನೊಂದಾದರೂ ಇರಬೇಕಾದ ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿತ್ತು.

"ಹೀಗೇ ಬಿಟ್ಟರೆ ಹೆರಿಗೆ ಹೊತ್ತಿಗೆ ತಾಯಿಗೂ ಅಪಾಯ, ಮಗುವಿಗೂ ಅಪಾಯ" ಎಂದರು ಡಾಕ್ಟರಮ್ಮ.

ಕೆಂಪಕ್ಕ ಸೊಸೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಾಯಿ ಮಾತ್ರ ತನ್ನ ದಾರಿಯನ್ನೇ ಹಿಡಿಯಿತು. "ಪ್ಲಾಸ್ಟಿಕ್ ತಿಂದ್ರೆ ರಕ್ತ ಎಲ್ಲಿಂದ ಬರ್ಬೇಕು? ನಾನು ಎಷ್ಟು ಆರಿಸಿದ್ರೂ ಅಷ್ಟು ಇಷ್ಟು ಒಳಗೆ ಹೋಗಿರ್ತೈತೆ!"

ಮಾರನೆಯ ದಿನ ಬೀದಿಯ ಆಶಾ ಕಾರ್ಯಕರ್ತೆ ವನಜಾಕ್ಷಿ ಬಂದಳು. ಆಶಾ ಬಂದರೆ ಕೆಂಪಕ್ಕನಿಗೆ ಯಾವಾಗಲೂ ಸ್ವಲ್ಪ ನಿರಾಶಾ. ಈ ಹುಡುಗಿ ನಗುನಗುತ್ತ ಮಾತಾಡುತ್ತಾಳೆ, ನಗುವವರನ್ನು ನಂಬುವುದು ಹೇಗೆ? ಜೊತೆಗೆ ಯಾರ ದನಿ ಬೇಕಾದರೂ ಅವಳ ಗಂಟಲಲ್ಲಿ ಬಾಡಿಗೆಗೆ ಇರುತ್ತಿತ್ತು. ಕಂಡಕ್ಟರು, ಡಾಕ್ಟರಮ್ಮ, ರೇಷನ್ ಅಂಗಡಿ ನಾಗರಾಜಪ್ಪ, ಎಲ್ಲರೂ ಅಲ್ಲಿದ್ದರು.

"ದೊಡ್ಡವ್ವ, ಚೈತ್ರಾ ಕಬ್ಬಿಣದ ಮಾತ್ರೆ ತಗೊಳ್ತಾಳೇನ್ರಿ?"

"ತಗೊಳ್ದೆ ಏನು? ನಾನೇ ಕೈಯಾರೆ ಟೀ ಜೊತೆ ಕೊಡ್ತೀನಿ."

"ಅಯ್ಯೋ, ಟೀ ಜೊತೆ ಕೊಟ್ರೆ ಕಬ್ಬಿಣ ಮೈಗೆ ಹತ್ತಾಕೆ ಬಿಡಲ್ಲ ಅದು! ಊಟ ಆದಮ್ಯಾಲೆ ನಿಂಬೆಹಣ್ಣಿನ ನೀರಲ್ಲಿ ಕೊಡ್ರಿ. ಟೀ ಬೇಕಾದ್ರೆ ಎರಡು ಗಂಟೆ ಬಿಟ್ಟು ಕುಡೀಲಿ."

ಕೆಂಪಕ್ಕ ಕಣ್ಣು ಕಿರಿದು ಮಾಡಿದಳು. "ಹಂಗಾದ್ರೆ ನಿಂಗೂ ಇವತ್ತು ಟೀ ಇಲ್ಲ."

"ನಾನೇನು ಮಾತ್ರೆ ನುಂಗಿಲ್ಲವಲ್ಲ, ನಂಗೆ ಕೊಡ್ರಿ" ಎಂದು ನಗುತ್ತ ಒಳಗೆ ಬಂದ ವನಜಾಕ್ಷಿಯ ಕಣ್ಣು ಗೂಡಿನ ಮೇಲೆ ಬಿತ್ತು. "ಇದೇನ್ ದೊಡ್ಡವ್ವ ಬಾಟ್ಲಿ?"

"ಸಾಕ್ಷಿ. ರೇಷನ್ ಅಕ್ಕಿಯೊಳಗಿನ ಪ್ಲಾಸ್ಟಿಕ್."

ವನಜಾಕ್ಷಿ ನಾಲ್ಕು ಕಾಳು ಅಂಗೈಗೆ ಸುರಿದುಕೊಂಡಳು. ಅವಳ ನಗು ನಿಂತಿತು. "ದೊಡ್ಡವ್ವ, ಇದು ಪ್ಲಾಸ್ಟಿಕ್ ಅಲ್ರಿ. ಅಕ್ಕಿಹಿಟ್ಟಿಗೆ ಕಬ್ಬಿಣ, ವಿಟಮಿನ್ ಸೇರಿಸಿ ಕಾಳು ಮಾಡಿ, ನೂರು ಕಾಳಿಗೆ ಒಂದರಂಗೆ ಬೆರೆಸಿರ್ತಾರೆ. ರಕ್ತ ಕಮ್ಮಿ ಇರೋರಿಗೆ ಅಂತ್ಲೇ."

"ಅಕ್ಕಿಯೊಳಗೆ ಕಬ್ಬಿಣನಾ?" ಕೆಂಪಕ್ಕ ಸೊಂಟಕ್ಕೆ ಕೈ ಕೊಟ್ಟಳು. "ನಾಳೆ ಸಿಮೆಂಟೂ ಬೆರೆಸಿ ಹೊಟ್ಟೆಯೊಳಗೇ ಮನೆ ಕಟ್ತಾರೇನು? ನಿಂಗೆ ಯಾರು ಹೇಳಿಕೊಟ್ರು?"

"ಟ್ರೈನಿಂಗ್‌ನಾಗೆ ಹೇಳಿದ್ರು."

"ಅವ್ರಿಗೆ ಯಾರು ಹೇಳಿದ್ರು?"

"ಮೇಲಿನೋರು."

"ಆ ಮೇಲಿನೋರು ಅನ್ನ ಉಣ್ತಾರೋ ಚಪಾತಿ ತಿಂತಾರೋ? ಮೊದ್ಲು ಅದನ್ನ ಹೇಳು!"

ಕೆಂಪಕ್ಕ ಅಷ್ಟಕ್ಕೇ ಬಿಡಲಿಲ್ಲ. ಗುರುವಾರ ಪ್ರಮೀಳಾಳ ಮನೆ ಜಗಲಿಯ ಮೇಲೆ ಮಹಿಳಾ ಸಂಘ ಸೇರುತ್ತದೆ. ಅಲ್ಲೇ ಎಲ್ಲರ ಎದುರು ಅನ್ನದ ಉಂಡೆ ಪುಟಿಸಿ ತೋರಿಸುತ್ತೇನೆ, ಅಂದಿನಿಂದ ಸಂಘದ ಒಂದು ಮನೆಯಲ್ಲೂ ರೇಷನ್ ಅಕ್ಕಿ ಬೇಯಬಾರದು, ಚೈತ್ರಾಗೂ ಅನ್ನ ಬಂದ್, ಬರೀ ಬ್ರೆಡ್ಡು ಎಂದು ಘೋಷಿಸಿದಳು.

ಬಾಗಿಲ ಬಳಿ ನಿಂತಿದ್ದ ಚೈತ್ರಶ್ರೀ ಗೋಡೆ ಹಿಡಿದುಕೊಂಡಳು. ವನಜಾಕ್ಷಿ ಅವಳನ್ನು ನೋಡಿದಳು, ಆಮೇಲೆ ಬೆಂಚಿನ ಮೇಲೆ ಕೂತಿದ್ದ ಚಿತ್ತಪ್ಪನವರನ್ನು ನೋಡಿದಳು.

"ಆಗ್ಲಿ ದೊಡ್ಡವ್ವ. ನಿಮ್ಮ ಗದ್ದೆ ಅಕ್ಕಿ ಒಂದು ಪಾತ್ರೆ, ರೇಷನ್ ಅಕ್ಕಿ ಒಂದು ಪಾತ್ರೆ. ಅಡುಗೆ ನಾನು ಮಾಡ್ತೀನಿ, ತೀರ್ಪು ನೀವು ಕೊಡ್ರಿ."

ಇಷ್ಟು ಸಲೀಸಾಗಿ ಒಪ್ಪಿದಳಲ್ಲ ಎಂದು ಅನುಮಾನ ಬರಬೇಕಾಗಿತ್ತು. ಬರಲಿಲ್ಲ. ತೀರ್ಪು ಕೊಡುವ ಜಾಗ ಸಿಕ್ಕರೆ ಎಂಥ ಗುಮಾನಿಯವರಿಗೂ ಗುಮಾನಿ ಮರೆತುಹೋಗುತ್ತದೆ.

ಗುರುವಾರ ಜಗಲಿ ತುಂಬಿತು. ಅನ್ನದ ಎರಡು ಪಾತ್ರೆಗಳು ಹಬೆಯಾಡುತ್ತ ಬಂದವು. ಅರಿಶಿನದ ಬೊಟ್ಟಿನದು ಮನೆ ಅಕ್ಕಿ, ಸುಣ್ಣದ ಬೊಟ್ಟಿನದು ರೇಷನ್ ಎಂದಳು ವನಜಾಕ್ಷಿ. ಕೆಂಪಕ್ಕ ಮೊದಲು ಅರಿಶಿನದ ಪಾತ್ರೆಯಿಂದ ಒಂದು ತುತ್ತು ಬಾಯಿಗೆ ಹಾಕಿ ಕಣ್ಣು ಮುಚ್ಚಿದಳು.

"ಆಹಾ, ಮಲ್ಲಿಗೆ! ಬಾಯಾಗೆ ಇಟ್ರೆ ಕರಗ್ತೈತೆ."

ಆಮೇಲೆ ಸುಣ್ಣದ ಪಾತ್ರೆ. ಒಂದು ಅಗುಳು ನಾಲಿಗೆಗೆ ತಾಗಿದ್ದೇ ತಡ, ಮುಖ ಕಿವುಚಿಕೊಂಡಳು. "ಥೂ! ರಬ್ಬರು! ವಾಸ್ನೆ ನೋಡ್ರೇ, ಹೊಸ ಬಕೆಟ್ ವಾಸ್ನೆ!" ಎನ್ನುತ್ತ ಅನ್ನವನ್ನು ಹಿಸುಕಿ ಉಂಡೆ ಕಟ್ಟಿ ಸಿಮೆಂಟ್ ನೆಲಕ್ಕೆ ಎಸೆದಳು. ಉಂಡೆ ಪುಟಕ್ಕನೆ ಪುಟಿಯಿತು. ಹೆಂಗಸರು "ಹೌದಲ್ಲವ್ವ!" ಎಂದು ಹಿಂದೆ ಸರಿದರು.

"ಕಂಡ್ರೇನು? ಇದನ್ನ ಬೆಳೆದೋನಿಗೆ ಮನುಷ್ಯತ್ವ ಐತೇನ್ರೇ? ಅವನ ಮುಖ ಒಂದ್ಸಾರಿ ನೋಡ್ಬೇಕು ನಾನು!"

"ಅಕ್ಕ, ಆ ಇನ್ನೊಂದನ್ನೂ ಎಸೆದು ನೋಡಾಣ" ಎಂದು ಪ್ರಮೀಳಾ ಅರಿಶಿನದ ಪಾತ್ರೆಯಿಂದ ಉಂಡೆ ಕಟ್ಟಿ ಎಸೆದಳು. ಅದೂ ಅಷ್ಟೇ ಎತ್ತರಕ್ಕೆ ಪುಟಿಯಿತು.

ಕೆಂಪಕ್ಕ ಎರಡೂ ಪಾತ್ರೆಗಳನ್ನು ದೂರ ದೂರ ಸರಿಸಿದಳು. "ಅದು... ಎರಡೂ ಪಕ್ಕಪಕ್ಕ ಇಟ್ಟಿದ್ರಲ್ಲ, ಗಾಳಿ ತಗುಲೈತೆ."

ಆಗ ಎಲ್ಲಿಂದಲೋ ವಿಡಿಯೊದ ಆ ಗಡಸು ದನಿ ಕೇಳಿಸಿತು. "ನೋಡಿ ಸ್ನೇಹಿತರೇ! ಚಿತ್ತಪ್ಪನವರ ಗದ್ದೆಯಲ್ಲಿ ಪ್ಲಾಸ್ಟಿಕ್ ಬೆಳೆ! ಹತ್ತು ಜನಕ್ಕೆ ಕಳಿಸಿ!" ಕೆಂಪಕ್ಕ ತನ್ನ ಫೋನು ತಡಕಿದಳು. ಫೋನಿನಿಂದಲ್ಲ, ವನಜಾಕ್ಷಿಯ ಬಾಯಿಂದ.

ಜಗಲಿಯ ತುದಿಯಲ್ಲಿ ಕೂತಿದ್ದ ಚಿತ್ತಪ್ಪ ತಲೆಯ ಟವೆಲ್ಲು ತೆಗೆದರು. "ಬೆಳೆದೋನ ಮುಖ ನೋಡ್ಬೇಕು ಅಂದ್ಯಲ್ಲ ಕೆಂಪಿ, ನೋಡ್ಕೋ. ಎರಡೂ ಪಾತ್ರೆಗೂ ನಾನೇ ಕೈಯಾರೆ ನಮ್ಮ ಗದ್ದೆ ಅಕ್ಕಿ ಅಳೆದು ಕೊಟ್ಟೀನಿ. ಇಲ್ಲಿ ರೇಷನ್ ಅಕ್ಕಿ ಒಂದು ಕಾಳೂ ಬೆಂದಿಲ್ಲ."

ಜಗಲಿ ನಗೆಯಲ್ಲಿ ಮುಳುಗಿತು. ಕೆಂಪಕ್ಕ ನಗಲಿಲ್ಲ. ಒಂದೇ ಅಕ್ಕಿ. ಒಂದರಲ್ಲಿ ಮಲ್ಲಿಗೆ ಕಂಡಿದ್ದಳು, ಇನ್ನೊಂದರಲ್ಲಿ ಬಕೆಟ್ಟು. ತನ್ನ ನಾಲಿಗೆಯ ಮೇಲೆಯೇ ಅವಳಿಗೆ ಅನುಮಾನ ಬಂದದ್ದು ಅದೇ ಮೊದಲು.

"ಸಿಟ್ಟಾಗ್ಬ್ಯಾಡ್ರಿ ದೊಡ್ಡವ್ವ," ವನಜಾಕ್ಷಿ ಪಕ್ಕದಲ್ಲಿ ಕೂತಳು. "ಅನ್ನದಾಗೆ ಅಂಟು ಐತೆ. ಹಿಸುಕಿ ಉಂಡೆ ಕಟ್ಟಿದ್ರೆ ಒಳಗೆ ಗಾಳಿ ಸಿಕ್ಕೊಂತೈತೆ. ಯಾವ ಅಕ್ಕಿ ಆದ್ರೂ ಪುಟೀತೈತೆ."

"ಸರಿ. ಆದ್ರೆ ಬಾಟ್ಲಿಯೊಳಗಿನ ಕಾಳು?" ಕೆಂಪಕ್ಕ ಎದ್ದಳು. "ಅದನ್ನ ನಾನೇ ಬೇಯಿಸ್ತೀನಿ. ನೀವ್ಯಾರೂ ಒಲೆ ಹತ್ರ ಸುಳೀಬ್ಯಾಡ್ರಿ. ನಂಬಾಕೆ ಆಗಲ್ಲ ನಿಮ್ಮನ್ನ."

ಮನೆಯಿಂದ ಬಾಟಲಿ ತಾನೇ ತಂದಳು, ನೀರು ತಾನೇ ಹಿಡಿದಳು, ಒಲೆಗೆ ಬೆನ್ನು ಕೊಡದೆ ಕಾವಲು ನಿಂತಳು. ಸ್ವಲ್ಪ ಹೊತ್ತಿಗೆ ಕಾಳು ಅರಳಿ ಮೆತ್ತಗಾಯಿತು. ಒಂದನ್ನು ಬೆರಳಲ್ಲಿ ಹಿಸುಕಿದಳು. ಹಿಟ್ಟಾಯಿತು. ಇನ್ನೊಂದು ಹಿಸುಕಿದಳು, ಅದೂ ಹಿಟ್ಟು. ಬಾಯಿಗೆ ಹಾಕಿಕೊಂಡಳು. ಅನ್ನದ ರುಚಿಯೇ. ಪ್ಲಾಸ್ಟಿಕ್ ಎಷ್ಟು ಬೇಯಿಸಿದರೂ ಹೀಗೆ ಹಿಟ್ಟಾಗುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಿಧಾನವಾಗಿ ಬಂದು ಸೊಸೆಯ ಮುಂದೆ ಕೂತಳು. "ಚೈತ್ರಾ, ರಕ್ತ ಆಗ್ಲಿ ಅಂತ ಬೆರೆಸಿದ ಕಾಳನ್ನ ಮೂರು ತಿಂಗಳು ನಿನ್ನ ತಟ್ಟೆಯಿಂದ ನಾನೇ ಆರಿಸಿ ತೆಗೆದ್ನೇನೇ?"

"ನೀವು ನನ್ನ ಒಳ್ಳೇದಕ್ಕೇ ಅಲ್ವಾ ಅತ್ತೆ ತೆಗೆದಿದ್ದು" ಎಂದಳು ಚೈತ್ರಶ್ರೀ. ಆ ಮಾತು ಕೆಂಪಕ್ಕನಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು.

ಮರುದಿನದಿಂದ ಮೊರದಲ್ಲಿ ಕಲ್ಲು, ಹುಳ ಮಾತ್ರ ಆರಿಸಿದರು. ಮಾತ್ರೆ ನಿಂಬೆ ನೀರಿನ ಜೊತೆ ಹೋಯಿತು. ನುಗ್ಗೆಸೊಪ್ಪು, ಹುರುಳಿಕಾಳು, ರಾಗಿ, ಮೊಟ್ಟೆ ತಟ್ಟೆಗೆ ಬಂದವು. ಎರಡು ತಿಂಗಳ ಮೇಲೆ ಆಸ್ಪತ್ರೆಯಲ್ಲಿ ಮತ್ತೆ ರಕ್ತ ನೋಡಿದಾಗ ಎಂಟು ಹೋಗಿ ಹತ್ತೂವರೆ ಆಗಿತ್ತು. ಕೆಂಪಕ್ಕ ಚೀಟಿಯನ್ನು ಎರಡು ಸಲ ಓದಿಸಿದಳು. ಮೂರನೆಯ ಸಲ ಬೆಳಕಿಗೆ ಹಿಡಿದು ತಾನೇ ನೋಡಿದಳು.

"ಬರೀ ಅಕ್ಕಿಯಿಂದ ಅಲ್ಲ ದೊಡ್ಡವ್ವ," ಎಂದಳು ವನಜಾಕ್ಷಿ, "ಮಾತ್ರೆ, ಸೊಪ್ಪು, ಕಾಳು ಎಲ್ಲ ಕೂಡಿ ಆಗಿದ್ದು. ಹೆರಿಗೆ ಆಗೋವರೆಗೂ ಒಂದೂ ಬಿಡಂಗಿಲ್ಲ."

ಅಕ್ಕಂದಿರೇ, ಅಣ್ಣಂದಿರೇ, ಚನ್ನಗಿರಿಯಿಂದ ಜಗಳೂರಿನವರೆಗೆ, ಹೊನ್ನಾಳಿಯಿಂದ ನ್ಯಾಮತಿಯವರೆಗೆ ಮೊರ ಹಿಡಿದು ಕೂತಿರುವ ಎಲ್ಲರಿಗೂ ಒಂದು ಮಾತು. ಅನುಮಾನ ಪಡಿ, ತಪ್ಪಿಲ್ಲ. ಆದರೆ ಅಕ್ಕಿಯ ಮೇಲೆ ಪಟ್ಟಷ್ಟು ಅನುಮಾನವನ್ನು ಫೋನಿನ ಮೇಲೂ ಪಡಿ. ‘ಹತ್ತು ಜನಕ್ಕೆ ಕಳಿಸಿ’ ಎಂದವನನ್ನು ‘ನೀನು ಯಾರಪ್ಪ?’ ಎಂದು ಒಮ್ಮೆ ಕೇಳಿ. ರೇಷನ್ ಅಕ್ಕಿಯಲ್ಲಿ ಬೇರೆ ಬಣ್ಣದ ಕಾಳು ಕಂಡರೆ ಎಸೆಯುವ ಮುಂಚೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿಯಲ್ಲೋ ಕೇಳಿ. ತೇಲಿದ ಕಾಳನ್ನು ಚೆಲ್ಲಬೇಡಿ, ಹದವಾಗಿ ನೀರಿಟ್ಟು ಬೇಯಿಸಿ, ಗಂಜಿ ಬಸಿದು ಸತ್ವವನ್ನು ಬಚ್ಚಲಿಗೆ ಕಳಿಸಬೇಡಿ. ಮನೆಯಲ್ಲಿ ಥಲಸ್ಸೀಮಿಯಾದಂಥ ರಕ್ತದ ಕಾಯಿಲೆ ಇರುವವರಿದ್ದರೆ ಮೊದಲು ವೈದ್ಯರನ್ನು ಕೇಳಿ. ಬಸುರಿಯರು, ಹರೆಯದ ಹೆಣ್ಣುಮಕ್ಕಳು ಇವತ್ತೇ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಊಹೆಯಿಂದ ರಕ್ತ ಹೆಚ್ಚುವುದಿಲ್ಲ.

ಇಷ್ಟು ಹೇಳಿ ಮುಗಿಸೋಣ ಎಂದರೆ, ಆಸ್ಪತ್ರೆಯ ಕಟ್ಟೆಯ ಮೇಲೆ ಚೈತ್ರಶ್ರೀ ಒಂದು ಪ್ರಶ್ನೆ ಕೇಳಿಯೇಬಿಟ್ಟಳು.

"ಅತ್ತೆ, ಬಾಟ್ಲಿ ಇದ್ದಿದ್ದು ಗೇಣುದ್ದ. ಮೂರು ತಿಂಗಳು ಆರಿಸಿದ ಕಾಳು ಅಷ್ಟರಾಗೆ ಹೆಂಗೆ ಹಿಡೀತು? ಮಿಕ್ಕಿದ್ದೆಲ್ಲ ಎಲ್ಲಿ ಹಾಕಿದ್ರಿ?"

ಕೆಂಪಕ್ಕ ಅತ್ತಿತ್ತ ನೋಡಿದಳು. "ಕೋಳಿಗೆ ಹಾಕ್ದೆ. ವಿಷ ಹೌದೋ ಅಲ್ವೋ ಅಂತ ಪರೀಕ್ಷೆ ಮಾಡಾಕೆ."

"ಹಾಗಾದ್ರೆ ನಿಮ್ಮ ಹುಂಜದ ಹಿಮೋಗ್ಲೋಬಿನ್ ಎಷ್ಟಿದೆಯಮ್ಮ?" ವನಜಾಕ್ಷಿ ಥೇಟ್ ಡಾಕ್ಟರಮ್ಮನ ದನಿಯಲ್ಲಿ ಕೇಳಿದಳು.

"ಹದಿನೆಂಟಕ್ಕೆ ಕಮ್ಮಿ ಇಲ್ಲ ಬಿಡವ್ವ" ಎಂದರು ಪಕ್ಕದಲ್ಲೇ ಕೂತಿದ್ದ ಚಿತ್ತಪ್ಪ. "ಅದಕ್ಕೇ ಐದು ತಿಂಗಳಿಂದ ನಾಗರಾಜಪ್ಪನ ನಾಯಿ ನಮ್ಮ ಬೀದಿಗೇ ಬಂದಿಲ್ಲ!"

ನರ್ಸಮ್ಮ ಹೊರಗೆ ಬಂದು "ಯಾರ್ರೀ ಅದು, ಆಸ್ಪತ್ರೆ ಮುಂದೆ ಅಷ್ಟು ಜೋರಾಗಿ ನಗೋದು?" ಎಂದು ಗದರಿದರು. ಮೂವರೂ ಒಟ್ಟಿಗೆ ಕೈ ತೋರಿಸಿದರು. ಕೆಂಪಕ್ಕ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಕಟ್ಟೆಯಿಂದ ನೆಲಕ್ಕೆ ಜಾರಿ ಕೂತಿದ್ದಳು.