ಚೊಗರಿನ ಅಳತೆ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಇಪ್ಪತ್ತೆರಡು ವರ್ಷ ಪಾಠ ಮಾಡಿದರೂ ಅದು ಇಳಿದಿಲ್ಲ. ಅದರಲ್ಲೂ ನಕಲು ಮಾಡಿದವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ನಮ್ಮ ಕಾಲೇಜಿನಲ್ಲಿ ಲ್ಯಾಬ್ ರೆಕಾರ್ಡುಗಳು ಅಕ್ಕನಿಂದ ತಂಗಿಗೆ ಹೋಗುವ ಲಂಗದ ಹಾಗೆ, ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ಇಳಿಯುತ್ತಲೇ ಬಂದಿವೆ.

ಆದ್ದರಿಂದ ಬಿ.ಎಸ್ಸಿ. ಕೊನೆಯ ವರ್ಷಕ್ಕೆ ಸಂಶೋಧನಾ ವಿಧಾನ ಕಲಿಸಲು ಶುರು ಮಾಡಿದಾಗ ಮೊದಲ ದಿನವೇ ನನ್ನ ನಿಯಮ ಹೇಳಿಬಿಟ್ಟೆ. ಅಳತೆಯನ್ನು ಅಳೆದಲ್ಲೇ ಬರೆಯಬೇಕು. ತಪ್ಪಿದರೆ ಅಳಿಸಬಾರದು. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದು, ತಾರೀಖು ಹಾಕಬೇಕು.

ಆ ವರ್ಷ ನನ್ನ ತರಗತಿಯಲ್ಲಿ ನಿಜವಾಗಿ ಪ್ರಶ್ನೆ ಕೇಳುತ್ತಿದ್ದವಳು ತಸ್ಮಿಯಾ ಒಬ್ಬಳೇ. ನರಸಿಂಹರಾಜಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ಅಪ್ಪ ಅಬ್ದುಲ್ ಖಾದರ್ ಹಸಿ ಅಡಿಕೆ ಕೊಂಡು, ಸುಲಿಸಿ, ಬೇಯಿಸಿ ಮಾರುವವರು. ಅಡಿಕೆ ಬೆಂದು ಉಳಿಯುವ ಆ ಕೆಂಪು ನೀರು, ಚೊಗರು, ಬಿಸಿ ಇಳಿದಂತೆ ಎಷ್ಟು ಮಂದವಾಗುತ್ತದೆ ಎಂಬುದು ಅವಳ ಪ್ರಾಜೆಕ್ಟ್. ಗಾಜಿನ ಕೊಳವೆಯಿಂದ ಅದು ಇಳಿಯಲು ಎಷ್ಟು ಸೆಕೆಂಡು ಬೇಕೆಂದು ಅಳೆಯಬೇಕಿತ್ತು.

ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಬೇಸಿಗೆ ತರಬೇತಿಗೆ ಅವಳನ್ನು ಕಳಿಸಬೇಕೆಂದಿದ್ದೆ. ಜಿಲ್ಲೆಗೆ ಒಬ್ಬರಿಗೆ ಸಿಕ್ಕರೆ ಹೆಚ್ಚು. ನನ್ನ ಶಿಫಾರಸು ಪತ್ರವೊಂದೇ ಬಾಕಿ ಇತ್ತು.

ಅವಳು ಪುಸ್ತಕ ತಂದಿಟ್ಟಳು. ನೂರಾ ಇಪ್ಪತ್ತು ಅಳತೆ, ಒಂದೇ ಪೆನ್ನು, ಒಂದೂ ಚಿತ್ತು-ಕಾಟು ಇಲ್ಲ. ಚೊಗರು ಬಟ್ಟೆಗೆ ತಾಗಿದರೆ ಒಗೆದರೂ ಹೋಗುವುದಿಲ್ಲ. ಈ ಪುಸ್ತಕದಲ್ಲಿ ಅದರ ಒಂದು ಹನಿಯ ಕಲೆಯೂ ಇರಲಿಲ್ಲ.

"ಯಾರ ರೆಕಾರ್ಡಿಂದ ಇಳ್ಸಿದ್ದು?"

"ನಾನೇ ಅಳ್ದಿದ್ದು ಸರ್. ಮನೆಗೆ ಒಂದ್ಸಲ ಬಂದು ನೋಡಿ."

"ನೋಡೋದು ಎಂತ ಇದೆ?"

ಕೆಂಪು ಪೆನ್ನಿನಲ್ಲಿ ಅಡ್ಡಲಾಗಿ 'ನಕಲು' ಎಂದು ಬರೆದೆ. ಅವಳು ಪುಸ್ತಕ ಅಲ್ಲೇ ಬಿಟ್ಟು ಹೋದಳು. ಪುಸ್ತಕ ಮುಂದೆ ತಳ್ಳಿದ ಆ ಬೆರಳುಗಳು ಉಗುರಿನವರೆಗೂ ಕೆಂಪಾಗಿದ್ದವು. ಈಗ ನೆನಪಾಗುತ್ತದೆ. ಆಗಲೂ ಕಂಡಿತ್ತು, ನಾನು ನೋಡಲಿಲ್ಲ. ಪತ್ರ ಕಳಿಸಲಿಲ್ಲ.

ಮೂರು ವಾರ ಅವಳು ತರಗತಿಗೆ ಬರಲಿಲ್ಲ. ಇಂಟರ್ನಲ್ ಮಾರ್ಕ್ಸ್ ಕಳಿಸಬೇಕಿದ್ದರಿಂದ, ಇನ್ನೊಮ್ಮೆ ಅಳೆಸೋಣವೆಂದು ಒಂದು ಶನಿವಾರ ಮಧ್ಯಾಹ್ನ ಪುಸ್ತಕ ಹಿಡಿದು ಅವಳ ಮನೆಗೆ ಹೋದೆ. ತಾಯಿ ಮೆಹರ್ ಬಾನು ಅಡಿಕೆ ಬೇಯಿಸುವ ಶೆಡ್ಡಿನಲ್ಲಿ ಕುರ್ಚಿ ಹಾಕಿದರು. ಒಲೆ ಆರಿತ್ತು.

ತಗಡಿನ ಗೋಡೆಯ ತುಂಬ ಸೀಮೆಸುಣ್ಣದ ಅಂಕಿಗಳಿದ್ದವು. ಕೆಲವಕ್ಕೆ ಒಂದೇ ಗೆರೆ, ಪಕ್ಕದಲ್ಲಿ ಕಾರಣ. 'ಕಣ್ಣಿಗೆ ಹೊಗೆ ಹೋಯ್ತು.' 'ಅಮ್ಮ ಕರೆದರು, ಗಡಿಯಾರ ತಪ್ಪಿತು.' 'ಕೊಳವೆಯಲ್ಲಿ ಸಿಪ್ಪೆ.' ಪ್ರತಿಯೊಂದಕ್ಕೂ ತಾರೀಖಿತ್ತು.

"ಕೈಯೆಲ್ಲ ಚೊಗರಲ್ವಾ ಸರ್. ಓದೋ ಪುಸ್ತಕ ಆ ಕೈಯಲ್ಲಿ ಮುಟ್ಬೇಡ ಅಂತ ನಾನೇ ಹೇಳಿದ್ದು," ಅಂದರು ಮೆಹರ್ ಬಾನು. "ಇಲ್ಲಿ ಬರ್ದು, ಕೈ ತೊಳ್ದು, ಚಂದ ಮಾಡಿ ಇಳಿಸ್ತಿದ್ಲು. ಗೋಡೆ ಒರೆಸ್ಬೇಡಿ, ಸರ್ ಬಯ್ತಾರೆ ಅಂತ ನಮಗೆಲ್ಲ ತಾಕೀತು."

ನಾಚಿಕೆಯಿಂದ ನನಗೆ ಎದ್ದು ಹೋಗಬೇಕೆನಿಸಿತು.

ತಸ್ಮಿಯಾ ಚಹಾ ತಂದಳು. ಬರುವ ಸೋಮವಾರದಿಂದ ಪೇಟೆಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತೇನೆ, ಪರೀಕ್ಷೆ ಮಾತ್ರ ಬರೆಯುತ್ತೇನೆ, ಮುಂದೆ ಓದುವುದಿಲ್ಲ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

"ನೀನು ಹೇಳ್ಬೋದಿತ್ತಲ್ಲಮ್ಮ, ಗೋಡೆ ಮೇಲೆ ಬರ್ದಿದೀನಿ ಅಂತ."

"ಬಂದು ನೋಡಿ ಅಂದೆ ಸರ್."

ಪುಸ್ತಕ ತೆರೆದು 'ನಕಲು' ಎಂಬ ಪದದ ಮೇಲೆ ಒಂದೇ ಗೆರೆ ಎಳೆದೆ. ಮುಚ್ಚಲು ಹೋದಾಗ ಅವಳು ಮೆಲ್ಲಗೆ ಕೇಳಿದಳು.

"ಕಾರಣ, ಸರ್?"

ಪಕ್ಕದಲ್ಲಿ 'ಅಳೆಯದೆ ಬರೆದದ್ದು' ಎಂದು ಬರೆದೆ.

ಅವಳು ಓದಿದಳು. ತಾರೀಖು ಹಾಕಲು ಹೇಳಿದಳು. ಹಾಕಿದೆ. ಪತ್ರ ಕಳಿಸಲು ಇದ್ದ ಕೊನೆಯ ದಿನ ಕಳೆದು ಅಂದಿಗೆ ಹನ್ನೊಂದು ದಿನವಾಗಿತ್ತು.