ಗುರುವಾರದ ಜೋಡಿ

ಭಾನುವಾರದ ಪೂಜೆ ಮುಗಿಯುತ್ತಲೇ ಚರ್ಚಿನ ಬಾಗಿಲ ಪಕ್ಕದ ಹಲಗೆಯ ಮುಂದೆ ಜನ ಮುತ್ತಿಕೊಂಡರು. ಎಲೆ ಉದುರುವ ಕಾಲ ಶುರುವಾಯಿತೆಂದರೆ ಅಲ್ಲಿ ಕೆಲಸದ ಪಟ್ಟಿ ಬೀಳುತ್ತಿತ್ತು. ಅಂಗಳ ಗುಡಿಸುವವರು ಯಾರು, ಅಕ್ಟೋಬರಿನ ಜಪಮಾಲೆ ನಡೆಸುವವರು ಯಾರು, ಸಮಾಧಿಗಳ ಕಳೆ ಕೀಳುವವರು ಯಾರು ಅಂತ. ಜೊತೆಗೆ, ಚಳಿ ಬೀಳುವ ಮುಂಚೆ ಹಾಸಿಗೆ ಹಿಡಿದವರ ಮನೆಗೆ ಹೋಗಿ ಕಿಟಕಿ, ರಜಾಯಿ ನೋಡಿ, ಒಂದು ಪ್ರಾರ್ಥನೆ ಹೇಳಿ ಬರುವುದಕ್ಕೆ ಇಬ್ಬಿಬ್ಬರ ಜೋಡಿ.

ಬಟ್ಟೆ ರಿಪೇರಿಯ ಅಂಗಡಿ ಇಟ್ಟಿದ್ದ ಟೈಲರಮ್ಮ ಕನ್ನಡಕ ಹಣೆಗೇರಿಸಿ ಪಟ್ಟಿಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತು ಓದಿದಳು. ಅವಳ ಓದು ಯಾವಾಗಲೂ ಹಾಗೇ. ಗುರುವಾರದ ಸಾಲಿನಲ್ಲಿ ತನ್ನ ಹೆಸರಿತ್ತು. ಪಕ್ಕದಲ್ಲೇ ಅತ್ತಿಗೆಯ ಹೆಸರು.

ಹಿಂದೆ ಯಾರೋ ಕಿಸಕ್ಕೆಂದರು. ಬೇಕರಿಯವನ ಹೆಂಡತಿ ಪಕ್ಕದವಳ ಪಕ್ಕೆಗೆ ತಿವಿದಳು. ನಾದಿನಿ ಅತ್ತಿಗೆ ಮಾತು ಬಿಟ್ಟು ನಾಲ್ಕು ವರ್ಷವಾಗಿದ್ದು ಇಡೀ ಚರ್ಚಿಗೆ ಗೊತ್ತಿತ್ತು. ಹೋದ ಬೇಸಿಗೆಯಲ್ಲಿ ಬಂದ ಫಾದರ್ ಒಬ್ಬರಿಗೆ ಮಾತ್ರ ಗೊತ್ತಿರಲಿಲ್ಲ.

ಟೈಲರಮ್ಮ ನೇರ ಒಳಗೆ ಹೋದಳು. ಫಾದರ್ ಪೂಜೆಯ ಉಡುಪು ಮಡಚುತ್ತಾ, ನೆಗಡಿಗೆ ಮೂಗು ಒರೆಸಿಕೊಳ್ಳುತ್ತಾ ಇದ್ದರು.

"ಫಾದರ್, ಆ ಜೋಡಿ ಬದಲಾಯಿಸಿ. ಯಾರ ಜೊತೆ ಬೇಕಾದರೂ ಹೋಗ್ತೀನಿ, ಅವರ ಜೊತೆ ಮಾತ್ರ ಆಗಲ್ಲ."

"ಈಗಷ್ಟೇ ಅವರೂ ಬಂದು ಹೋದರು," ಎಂದರು ಫಾದರ್. "ಇದೇ ಮಾತು. ಒಂದಕ್ಷರ ಆಚೀಚೆ ಇಲ್ಲ. ಪಟ್ಟಿ ಟೈಪ್ ಆಗಿದೆ ಕಣಮ್ಮ. ಬೇಡ ಅಂದ್ರೆ ನಿಮ್ಮ ಹೆಸರನ್ನ ನೀವೇ ಹೊಡೆದು ಹಾಕಿ, ಎಲ್ಲರೆದುರಿಗೆ."

ಹೊರಗೆ ಬಂದರೆ ಹಲಗೆಗೆ ಪೆನ್ನು ನೇತು ಹಾಕಿದ್ದರು. ಅತ್ತಿಗೆ ಗೇಟಿನ ಹತ್ತಿರ ಕೈ ಕಟ್ಟಿ ನಿಂತು ಇವಳನ್ನೇ ನೋಡುತ್ತಿದ್ದಳು. ಹೊಡೆದು ಹಾಕಲಿ ನೋಡೋಣ ಎಂಬ ನಿಲುವು. ಟೈಲರಮ್ಮ ಪೆನ್ನು ಮುಟ್ಟದೆ ತಲೆ ಎತ್ತಿಕೊಂಡು ಮನೆಗೆ ನಡೆದಳು.

ಜಗಳದ ಬೇರು ಅವಳ ತಾಯಿಯ ಸಾವಿನಲ್ಲಿತ್ತು. ತಾಯಿ ಕೊನೆಯ ಎರಡು ವರ್ಷ ಹಾಸಿಗೆಯಲ್ಲೇ ಇದ್ದರು, ಮಗನ ಮನೆಯಲ್ಲಿ. ಮಗ ಬಸ್ ಡ್ರೈವರ್. ಬೆಳಿಗ್ಗೆ ಹೋದರೆ ಸಂಜೆಗೇ. ನೋಡಿಕೊಂಡವಳು ಸೊಸೆ. ಟೈಲರಮ್ಮನ ಅಂಗಡಿ ಅಲ್ಲಿಂದ ನಾಲ್ಕೇ ಬೀದಿ ಆಚೆ. ಆದರೂ ತಾಯಿ ಹೋದ ದಿನ ಫೋನ್ ಬಂದದ್ದು ಎಲ್ಲ ಮುಗಿದ ಮೇಲೆ, ಮಧ್ಯಾಹ್ನ ನಾಲ್ಕಕ್ಕೆ. ಓಡಿ ಹೋದಾಗ ಮುಖದ ಮೇಲೆ ಬಿಳಿ ಬಟ್ಟೆ. "ಇದ್ದಕ್ಕಿದ್ದಂತೆ ಆಯ್ತು," ಎಂದಿದ್ದಳು ಅತ್ತಿಗೆ. ಬೆಳಿಗ್ಗೆಯೇ ಡಾಕ್ಟರ್ ಬಂದಿದ್ದರಂತೆ ಎಂದು ಪಕ್ಕದ ಮನೆಯವರು ಆಮೇಲೆ ಹೇಳಿದರು. ಅಲ್ಲಿಂದ ಎಣ್ಣೆ ಸೀಗೆಕಾಯಿ. ಅಣ್ಣ ಇಬ್ಬರ ನಡುವೆ ಬಾಯಿಗೆ ಬೀಗ ಹಾಕಿಕೊಂಡು ಬಸ್ ಓಡಿಸಿಕೊಂಡಿದ್ದ.

ಅವತ್ತಿನಿಂದ ಅತ್ತಿಗೆ ಚರ್ಚಿನಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಫಾದರ್ ಕೈಯಿಂದ ಪರಮಪ್ರಸಾದದ ರೊಟ್ಟಿ ತೆಗೆದುಕೊಳ್ಳಲು ಎಲ್ಲರೂ ಸಾಲು ಹಿಡಿದರೂ ಎದ್ದು ಬರುತ್ತಿರಲಿಲ್ಲ. ನನ್ನ ಜೊತೆ ಸಾಲಲ್ಲಿ ನಿಲ್ಲೋದಕ್ಕೂ ಕೊಬ್ಬು ಎಂದುಕೊಂಡಿದ್ದಳು ಟೈಲರಮ್ಮ.

ಮೊದಲ ಗುರುವಾರ ಇಬ್ಬರೂ ಬೇರೆ ಬೇರೆಯಾಗಿ ಮೂರು ಮಹಡಿ ಹತ್ತಿದರು. ಅವರ ಪಾಲಿಗೆ ಬಂದಿದ್ದು ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದ ಹಳೇ ಟೀಚರ್. ನಲವತ್ತು ವರ್ಷ ಶಾಲೆಯಲ್ಲೂ ಭಾನುವಾರದ ಧರ್ಮೋಪದೇಶದ ತರಗತಿಯಲ್ಲೂ ಮಕ್ಕಳ ರಕ್ತ ಹೀರಿದವರು. ಅರ್ಧ ಊರು ಅವರನ್ನು ಬೆನ್ನ ಹಿಂದೆ ಕೆಂಪಿಂಕು ಎಂದೇ ಕರೆಯುತ್ತಿತ್ತು. ಈ ಇಬ್ಬರೂ ಅವರ ಕೈಲಿ ಏಟು ತಿಂದವರೇ.

"ಬಾಗಿಲು ಹಾಕಿ, ಗಾಳಿ ಬರುತ್ತೆ," ಎಂದರು ಟೀಚರ್, ನಮಸ್ಕಾರಕ್ಕೆ ಉತ್ತರವಾಗಿ. "ಫಾದರಿಗೆ ಬೇರೆ ಯಾರೂ ಸಿಗಲಿಲ್ವಾ?"

ಟೈಲರಮ್ಮ ಕಿಟಕಿ ನೋಡಿದಳು. ಚೌಕಟ್ಟಿನ ಕೆಳಗೆ ಬೆರಳು ತೂರುವಷ್ಟು ಸಂದು. "ಟೀಚರ್, ಚಿಂದಿ ತುಂಬಿ ಒಂದು ಉದ್ದ ಚೀಲ ಹೊಲಿದು ತರ್ತೀನಿ, ಇಲ್ಲಿ ಒತ್ತಿಟ್ಟರೆ ಗಾಳಿ ನಿಲ್ಲುತ್ತೆ. ರಜಾಯಿ ಒದರಬೇಕು, ಒಂದು ತುದಿ ಹಿಡ್ಕೊಳ್ಳೋಕೆ ಅವರಿಗೆ ಹೇಳಿ."

"ಹಿಡ್ಕೋತೀನಂತೆ, ಆದರೆ ಒದರೋ ನೆಪದಲ್ಲಿ ಧೂಳೆಲ್ಲ ನನ್ನ ಮುಖಕ್ಕೆ ಹೊಡೀಬಾರದು ಅಂತ ಹೇಳಿ, ಟೀಚರ್," ಎಂದಳು ಅತ್ತಿಗೆ.

ಟೀಚರ್ ಇಬ್ಬರನ್ನೂ ನೋಡಿದರು. ಮೂರು ತಿಂಗಳಿಂದ ಸೀಲಿಂಗ್ ನೋಡಿಕೊಂಡು ಬಿದ್ದಿದ್ದವರ ಕಣ್ಣಿಗೆ ಕಳೆ ಬಂತು.

ಅಂದಿನಿಂದ ಅವರು ಉರಿಯುವ ಬೆಂಕಿಗೆ ಒಂದೊಂದೇ ಚಮಚ ತುಪ್ಪ ಸುರಿದರು. ಅತ್ತಿಗೆ ಅಡುಗೆಮನೆಯಲ್ಲಿದ್ದಾಗ ಟೈಲರಮ್ಮನ ಹತ್ತಿರ, "ನಿನ್ನ ಚೀಲದ ಹೊಲಿಗೆ ನೋಡಿ ನಕ್ಕಳು ಕಣೇ. ಕುರುಡಿ ಹೊಲಿದ ಹಾಗಿದೆ ಅಂದಳು." ಟೈಲರಮ್ಮ ಬಟ್ಟೆ ಒಣಹಾಕಲು ಹೋದಾಗ ಅತ್ತಿಗೆಯ ಹತ್ತಿರ, "ನೀನು ಕೈ ತೊಳೀದೆ ಲೋಟ ಮುಟ್ಟಿದೆ ಅಂತ ಹೇಳ್ತಿದ್ದಳು." ಜಪಮಾಲೆ ಹೇಳುವಾಗಲೂ ಕೂತು ಅಂಕ ಹಾಕುತ್ತಿದ್ದರು. ಇವಳದು ಬಾಯಿಪಾಠ, ಅವಳದು ಗೊಣಗು, ಇಬ್ಬರೂ ಫೇಲು. ಪ್ರಾರ್ಥನೆ ಒಂದು ಕಡೆ, ಹಲ್ಲು ಕಡಿಯುವುದು ಒಂದು ಕಡೆ. ಹೀಗೆ ಮೂರು ಗುರುವಾರ ಕಳೆದವು. ಮೆಟ್ಟಿಲಿಳಿಯುವಾಗ ಟೈಲರಮ್ಮನಿಗೆ ಪ್ರತಿ ಸಲ ಮೈಯೆಲ್ಲ ಉರಿ.

ನಾಲ್ಕನೆಯ ಗುರುವಾರ ಟೀಚರ್ ಹಾಸಿಗೆ ಒದ್ದೆ ಮಾಡಿಕೊಂಡಿದ್ದರು. ಅವತ್ತು ಅವರ ಬಾಯಲ್ಲಿ ಚುಚ್ಚುಮಾತಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದರು.

ಅತ್ತಿಗೆ ಏನೂ ಕೇಳಲಿಲ್ಲ. ತೋಳು ಮಡಚಿದಳು. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತು ವರ್ಷದಿಂದ ಹಾಸಿಗೆ ಬಟ್ಟೆ ಒಗೆಯುವವಳು. ಟೀಚರನ್ನು ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿಸಿ, ಹಳೆಯ ಬೆಡ್‌ಶೀಟನ್ನು ಬೆನ್ನಿನ ತನಕ ಸುತ್ತಿ, ಅದರ ಪಕ್ಕದಲ್ಲೇ ಹೊಸದನ್ನು ಹಾಸಿ, ಮತ್ತೆ ಈ ಕಡೆಗೆ ಹೊರಳಿಸಿ ಎಳೆದಳು. ಮುರಿದ ಸೊಂಟಕ್ಕೆ ನೋವಾಗಲಿಲ್ಲ. ನೋಡುತ್ತಿದ್ದ ಟೈಲರಮ್ಮನಿಗೆ ಒಂದು ಕ್ಷಣ ಬೇರೊಂದು ಹಾಸಿಗೆ, ಬೇರೊಂದು ಬೆನ್ನು ಕಣ್ಣಿಗೆ ಬಂತು.

ತೆಗೆದ ಬೆಡ್‌ಶೀಟ್ ನೆಲದಲ್ಲಿ ಬಿದ್ದಿತ್ತು. ಅದರ ಅಂಚು ಹರಿದಿದ್ದು ಕಂಡು ಟೈಲರಮ್ಮ ಎತ್ತಿಕೊಂಡಳು. ಎಷ್ಟುದ್ದ ಬಿಚ್ಚಿದೆ ಎಂದು ನೋಡಲು ಕನ್ನಡಕ ಹಣೆಗೇರಿಸಿ ಮುಖದ ಹತ್ತಿರ ಹಿಡಿದಳು.

"ಮೂಸು!" ಎಂದಳು ಅತ್ತಿಗೆ.

ನಾಲ್ಕು ವರ್ಷದಲ್ಲಿ ಅದು ಅವಳು ನಾದಿನಿಗೆ ನೇರವಾಗಿ ಆಡಿದ ಮೊದಲ ಮಾತು.

"ಚೆನ್ನಾಗಿ ಮೂಸು. ಅವತ್ತು ಮೂಸಿದೆಯಲ್ಲ, ಹಾಗೆ."

"ಏನು ಹೇಳ್ತಿದೀರ ನೀವು? ಅಂಚು ನೋಡ್ತಾ ಇದ್ದೆ..."

"ಈಗ ಅಂಚು. ಅವತ್ತು? ಅತ್ತೆ ಹೋಗೋ ಹಿಂದಿನ ಭಾನುವಾರ, ನಿಮ್ಮ ಚಿಕ್ಕಮ್ಮ, ಪಕ್ಕದ ಮನೆಯವರು, ಎಲ್ಲರೂ ಕೂತಿದ್ರು. ನೀನು ಬಂದವಳು ಅತ್ತೆಯ ಹಾಸಿಗೆ ಬಟ್ಟೆ ಎತ್ತಿ ಮೂಗಿಗೆ ಹಿಡಿದೆ. ಹಿಡಿದು ನನ್ನ ಮುಖ ನೋಡಿದೆ. ಒಂದು ಮಾತಾಡಲಿಲ್ಲ. ಮಾತಾಡಿದ್ರೆ ಚೆನ್ನಾಗಿತ್ತು."

ಟೈಲರಮ್ಮನಿಗೆ ಅದು ನೆನಪಿತ್ತು. ಅವತ್ತು ಆಕೆ ಅಂಚು ನೋಡಿರಲಿಲ್ಲ. ಮೂಸಿದ್ದಳು, ಬೇಕಂತಲೇ.

"ಎರಡು ವರ್ಷ," ಅತ್ತಿಗೆಯ ದನಿ ಏರಿತು, "ಆಸ್ಪತ್ರೆಯಲ್ಲಿ ಊರಿನವರದ್ದೆಲ್ಲ ಒಗೆದು ಬಂದು ಮನೇಲಿ ಅವರದ್ದು ಒಗೆದೆ. ನಿನ್ನ ಅಂಗಡಿ ನಾಲ್ಕು ಬೀದಿ ಆಚೆ. ಒಂದು ದಿನ ಬಂದು ಒಂದು ಬಟ್ಟೆ ಹಿಂಡಿದ್ಯಾ?"

"ಅದಕ್ಕೇ ಅಮ್ಮನ ಮುಖ ನೋಡೋಕೆ ಬಿಡಲಿಲ್ವಾ? ಇದ್ದಕ್ಕಿದ್ದಂತೆ ಆಯ್ತು ಅಂತ ಸುಳ್ಳು ಹೇಳಿದ್ರಲ್ಲ, ಶಿಲುಬೆ ಮುಂದೆ ನಿಂತು!"

"ಸುಳ್ಳೇ ಹೇಳಿದೆ. ಡಾಕ್ಟರ್ ಬೆಳಿಗ್ಗೆ ಒಂಬತ್ತಕ್ಕೇ ಹೇಳಿದ್ರು, ಸಂಜೆ ತನಕ ಕಷ್ಟ ಅಂತ. ಫೋನ್ ಕೈಯಲ್ಲಿತ್ತು. ಬರ್ತಾಳೆ, ಬಂದು ಮೊದಲು ಬಟ್ಟೆ ಎತ್ತಿ ನೋಡ್ತಾಳೆ ಅಂದ್ಕೊಂಡೆ. ಬೇಕಂತಲೇ ಕರೀಲಿಲ್ಲ. ಸಾಕಾ?"

ಟೀಚರ್ ಗೋಡೆಯಿಂದ ಮುಖ ತಿರುಗಿಸಿದ್ದರು.

"ಅಮ್ಮ ನನ್ನ ಕೇಳಿದ್ರಾ?" ಟೈಲರಮ್ಮನ ದನಿ ಅವಳಿಗೇ ಕೇಳದಷ್ಟು ಸಣ್ಣಗಾಗಿತ್ತು.

"ಎರಡು ಸಲ ಕೇಳಿದ್ರು. ಬರ್ತಿದಾಳೆ ಅಂದೆ."

ಟೈಲರಮ್ಮನ ಕೈ ಮೇಲೆದ್ದಿತು. ಎದ್ದಿದ್ದು ಅವಳಿಗೆ ಗೊತ್ತಾಗಿದ್ದು, "ಕೈ ಇಳಿಸು!" ಎಂಬ ಗರ್ಜನೆ ಕೇಳಿದಾಗ. ತರಗತಿಯ ಕಿಟಕಿ ಗಾಜು ಅದುರಿಸುತ್ತಿದ್ದ ಅದೇ ದನಿ. ನಲವತ್ತೈದು ದಾಟಿದ ಹೆಂಗಸಿನ ಕೈ ತಾನಾಗಿ ಕೆಳಗೆ ಬಿತ್ತು.

"ನನ್ನ ಮನೇಲಿ ಬೇಡ," ಎಂದರು ಟೀಚರ್. ಆಮೇಲೆ ಉಸಿರು ಸಾಲದೆ, "ಇಬ್ಬರೂ ಹೋಗಿ. ಇವತ್ತಿಗೆ ಸಾಕು."

ಅವತ್ತು ಅಂಗಡಿಯಲ್ಲಿ ಟೈಲರಮ್ಮ ಗಿರಾಕಿಯೊಬ್ಬರ ಕೋಟ್‌ನ ಎರಡೂ ತೋಳು ಅದಲುಬದಲು ಹೊಲಿದು, ಬಿಚ್ಚಿ, ಮತ್ತೆ ಅದಲುಬದಲು ಹೊಲಿದಳು. ಗಿರಾಕಿಗಳ ಮೇಲೆ ರೇಗಿದಳು. ಇವಳನ್ನು ಇಡೀ ಚರ್ಚಿನ ಮುಂದೆ ನಿಲ್ಲಿಸಿ ನೀರಿಳಿಸಬೇಕು ಎಂದುಕೊಂಡಳು. ಹಾಗೆ ಅಂದುಕೊಂಡಾಗಲೆಲ್ಲ ಆ ಭಾನುವಾರ ತಾಯಿಯ ಹಾಸಿಗೆ ಬಟ್ಟೆಗೆ ಯಾವ ವಾಸನೆ ಇತ್ತೆಂಬುದು ನೆನಪಾಗುತ್ತಿತ್ತು. ಸೋಪಿನ ವಾಸನೆ. ಬಿಸಿಲಿಗೆ ಒಣಗಿದ ಬಟ್ಟೆಯ ವಾಸನೆ. ಅದು ನೆನಪಾದರೆ ಸಿಟ್ಟು ಇನ್ನೂ ಹೆಚ್ಚುತ್ತಿತ್ತು, ಯಾರ ಮೇಲೆಂದು ತಿಳಿಯದೆ.

ಮುಂದಿನ ಗುರುವಾರ ಹೋಗಬಾರದೆಂದೇ ಇದ್ದಳು. ಹೋಗದಿದ್ದರೆ ಅವಳು ಗೆದ್ದ ಹಾಗೆ ಎನ್ನಿಸಿ ಹೊರಟಳು. ಮೆಟ್ಟಿಲ ಬುಡದಲ್ಲಿ ಅತ್ತಿಗೆ ನಿಂತಿದ್ದಳು, ಕೈಯಲ್ಲಿ ಒಗೆದು ಇಸ್ತ್ರಿ ಮಾಡಿದ ಟೀಚರ್ ಮನೆಯ ಬೆಡ್‌ಶೀಟ್.

"ಅಂಚು ಹೊಲೀಬೇಕು," ಎಂದು ಚಾಚಿದಳು.

ಟೈಲರಮ್ಮ ಕಿತ್ತುಕೊಂಡ ಹಾಗೆ ತೆಗೆದುಕೊಂಡಳು. ಮೊದಲ ಮಹಡಿ ದಾಟಿದ ಮೇಲೆ ಕೇಳಿದಳು.

"ಎರಡನೇ ಸಲ ಅಮ್ಮ ಏನಂತ ಕೇಳಿದ್ರು?"

"ಅಂಗಡಿ ಮುಚ್ಚಿದಳಾ ಅಂದ್ರು."

"ಅಷ್ಟೇನಾ?"

"ಅಷ್ಟೇ. ಆಮೇಲೆ ನೀರು ಕೇಳಿದ್ರು. ಎರಡು ಚಮಚ ಕುಡಿದ್ರು."

ಟೈಲರಮ್ಮ ಗೋಡೆಗೆ ಕೈ ಊರಿದಳು. ಅತ್ತಿಗೆ ಎರಡು ಮೆಟ್ಟಿಲು ಮೇಲೆ ನಿಂತಳು, ಹಿಂದೆ ತಿರುಗಲಿಲ್ಲ.

"ಹಳೇ ಫಾದರಿಗೆ ಪಾಪನಿವೇದನೆಯಲ್ಲಿ ಹೇಳಿದ್ದೆ," ಎಂದಳು ಗೋಡೆಗೆ ಹೇಳುವ ಹಾಗೆ. "ನಾದಿನಿಗೆ ಹೇಳು, ಹೇಳಿ ಬಂದು ಪರಮಪ್ರಸಾದ ತಗೋ ಅಂದ್ರು. ನಿನ್ನ ಹತ್ರ ಬಂದು ಹೇಳೋದಾ? ಅದಕ್ಕಿಂತ ಹಿಂದಿನ ಬೆಂಚೇ ವಾಸಿ ಅನ್ನಿಸ್ತು."

"ನಾನು ಕ್ಷಮಿಸಲ್ಲ, ಅತ್ತಿಗೆ."

"ಕೇಳಿದೆನಾ ನಾನು?"

"ಕೇಳಿದ್ರೂ ಕ್ಷಮಿಸಲ್ಲ."

"ಬೇಡ ಬಿಡು. ನೀನು ಮೂಸಿದ್ದನ್ನ ನಾನೂ ಬಿಡಲ್ಲ."

"ಸೋಪಿನ ವಾಸನೆ ಇತ್ತು," ಎಂದಳು ಟೈಲರಮ್ಮ. ಬಾಯಿಂದ ಹೊರಬಿದ್ದ ಮೇಲೆ ತಾನೇ ಬೆಚ್ಚಿದಳು. "ಕ್ಲೀನಾಗಿತ್ತು. ಗೊತ್ತಿದ್ದೂ ಹಾಗೆ ನೋಡಿದೆ ನಿಮ್ಮನ್ನ."

ಅತ್ತಿಗೆ ಈಗ ತಿರುಗಿದಳು. ಮುಖದಲ್ಲಿ ಮೆದುವಾದದ್ದೇನೂ ಇರಲಿಲ್ಲ. "ಗೊತ್ತು ಕಣೇ ನನಗೆ," ಎಂದಳು. "ಒಗೆದವಳಿಗೆ ಗೊತ್ತಿರಲ್ವಾ?" ಎಂದು ಉಳಿದ ಮೆಟ್ಟಿಲು ದಡದಡ ಹತ್ತಿ ಹೋದಳು.

ಒಳಗೆ ಟೀಚರ್ ದಿಂಬಿಗೊರಗಿ ಕಾಯುತ್ತಿದ್ದರು. ಹಳೆಯ ಚಾಳಿ ಬಿಡದೆ, "ಇವಳು ನಿನ್ನ ಬಗ್ಗೆ ಹೋದ ವಾರ..." ಎಂದು ಅತ್ತಿಗೆಗೆ ಶುರು ಮಾಡಿದರು.

"ಅವಳು ಅಂದಿದ್ದರೆ ನನ್ನ ಮುಖಕ್ಕೇ ಅಂತಾಳೆ, ಟೀಚರ್. ನೀವು ಬಾಯಿ ಮುಚ್ಚಿ ಈ ಕಡೆ ಹೊರಳಿ," ಎಂದಳು ಅತ್ತಿಗೆ.

ಟೀಚರ್ ಮುಖ ಸಿಂಡರಿಸಿಕೊಂಡು ಹೊರಳಿದರು.

ನವೆಂಬರಿನ ಎರಡನೇ ತಾರೀಖು, ಸತ್ತವರಿಗಾಗಿ ಪ್ರಾರ್ಥಿಸುವ ದಿನ, ಪೂಜೆಯ ಹೊತ್ತಿಗೆ ಚರ್ಚು ಕಿಕ್ಕಿರಿದಿತ್ತು. ಪರಮಪ್ರಸಾದದ ಸಾಲು ನಿಧಾನ ಸರಿಯುತ್ತಿತ್ತು. ಟೈಲರಮ್ಮನ ಬೆನ್ನಿಗೆ ಯಾರದೋ ಮೊಣಕೈ ತಾಗಿತು. ತಿರುಗಿದರೆ ಅತ್ತಿಗೆ. ಅವಳ ಹಿಂದೆ ಬಿಟ್ಟ ಬಾಯಿ ಬಿಟ್ಟಂತೆ ಅಣ್ಣ. ಬೇಕರಿಯವನ ಹೆಂಡತಿ ನೋಡಲು ಬೆಂಚಿನಿಂದ ಅರ್ಧ ಎದ್ದಿದ್ದಳು.

"ತಳ್ಳಬೇಡಿ," ಎಂದಳು ಟೈಲರಮ್ಮ ಪಿಸುದನಿಯಲ್ಲಿ.

"ನೀನು ಮುಂದೆ ನಡಿ ಮೊದಲು," ಎಂದಳು ಅತ್ತಿಗೆ. ಸಾಲು ಮುಂದೆ ಸರಿಯಿತು.